ಚಹಾ ಸುರಿಯುವವರೂ ಕೂರಲಿ

ಇಂಗ್ಲಿಷರ ಮಧ್ಯಾಹ್ನದ ಚಹಾಕೂಟ ಎಂದರೆ ನಮಗೆ ನೆನಪಾಗುವುದು ಮೂರಂತಸ್ತಿನ ತಟ್ಟೆ: ಕೆಳಗೆ ಸ್ಯಾಂಡ್‌ವಿಚ್, ನಡುವೆ ಸ್ಕೋನ್, ಮೇಲೆ ಕೇಕು. 1840ರ ಸುಮಾರಿಗೆ ಬೆಡ್‌ಫರ್ಡ್‌ನ ಡಚೆಸ್ ಆ್ಯನಾ ಇದನ್ನು ರೂಢಿಗೆ ತಂದರಂತೆ. ರಾತ್ರಿಯ ಊಟ ತಡ, ಸಂಜೆಗೇ ಹಸಿವು. (ನಮ್ಮ ಆಮಂತ್ರಣ ಪತ್ರಗಳ ‘ಹೈ ಟೀ’ ಇದಲ್ಲ. ಅದು ಅಲ್ಲಿನ ಕಾರ್ಮಿಕರು ಕೆಲಸ ಮುಗಿಸಿ ಬಂದು ಉಣ್ಣುತ್ತಿದ್ದ ಸಂಜೆಯೂಟ.)

ಆ ತಟ್ಟೆ ನಮಗೆ ಬೇಕಿಲ್ಲ, ಸಮೋಸಾ ಬಿಸ್ಕತ್ತು ಸಾಕು. ಕಲಿಯಬೇಕಾದದ್ದು ಅವರ ಒಂದು ಪದ್ಧತಿ. ಮನೆಯೊಡತಿ ಮೇಜಿನ ಬಳಿ ಕುಳಿತು, ಮಾತಾಡುತ್ತಲೇ ಎಲ್ಲರ ಕಪ್ಪಿಗೆ ಚಹಾ ಸುರಿಯುತ್ತಾರೆ. ತಿಂಡಿಯೆಲ್ಲ ಮೊದಲೇ ಸಿದ್ಧವಾಗಿರುತ್ತದೆ. ಆ ದೊಡ್ಡ ಮನೆಗಳಲ್ಲಿ ಆಳುಗಳಿದ್ದರು, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಮೆಹಮಾನರು ಬಂದರೆ ಅಮ್ಮಿ ಒಲೆ ಬಿಟ್ಟು ಕದಲುವುದಿಲ್ಲ. ಅವರನ್ನೇ ನೋಡಲು ಬಂದ ಖಾಲಾ ಜೊತೆಗೂ ಅಡುಗೆಮನೆ ಬಾಗಿಲಲ್ಲಿ ನಿಂತೇ ಮಾತು. ನಾವು ಗಂಡುಮಕ್ಕಳು ಹಾಲ್‌ನಲ್ಲಿ ಕೂತು ‘ಇನ್ನೊಂದು ಚಾಯ್’ ಎನ್ನುತ್ತೇವೆ.

ಸಮೋಸಾ ಮೊದಲೇ ಕರಿದಿಟ್ಟು, ಚಹಾ ಫ್ಲಾಸ್ಕಿಗೆ ತುಂಬಿ, ಸಕ್ಕರೆ ಬೇರೆ ಇಟ್ಟರೆ ಅಮ್ಮಿಯೂ ಕೂರಬಹುದು. ಸಮೋಸಾ ಸ್ವಲ್ಪ ತಣ್ಣಗಾದೀತು, ಆಗಲಿ. ಕಪ್ಪು ತೊಳೆಯಲು ನಾವಿದ್ದೇವಲ್ಲ.