ಹುಲ್ಲುಗಾವಲಿನ ಪುಟ್ಟ ಉದ್ಯಮಿ

ರಜೆಯ ದಿನಗಳಲ್ಲಿ ಮನೆಯಂಗಳದಲ್ಲಿ ಮಕ್ಕಳು ಅಂಗಡಿಯಾಟ ಆಡುವುದನ್ನು ಕಾಣದವರಿಲ್ಲ. ತೆಂಗಿನ ಗೆರಟೆಗಳೇ ತಕ್ಕಡಿ, ಮರಳೇ ಸಕ್ಕರೆ, ಹಲಸಿನ ಎಲೆಗಳೇ ನೋಟುಗಳು. ಆ ಅಂಗಡಿಯ ಯಜಮಾನನ ಬಾಯಿಂದ ಹೊರಡುವ ಮೊದಲ ಮಾತು ‘ನಿಮಗೇನು ಬೇಕು?’ ಎಂಬುದು, ‘ನನಗೆಷ್ಟು ಉಳಿಯುತ್ತದೆ?’ ಎಂಬುದಲ್ಲ. ಕೊಳ್ಳುವವನು ಮುನಿಸಿಕೊಂಡು ಹೋದರೆ ಆಟವೇ ಮುಗಿಯಿತೆಂಬುದು ಆ ಮಗುವಿಗೆ ಚೆನ್ನಾಗಿ ಗೊತ್ತು. ಹಿರಿಯರಾದ ನಾವು ಅದನ್ನು ಕಂಡು ನಗುತ್ತೇವೆ, ಇಲ್ಲವೆ ‘ಹೋಗಿ ಓದಿಕೊಳ್ಳಿ’ ಎಂದು ಗದರಿಸುತ್ತೇವೆ. ಆ ಆಟದಿಂದ ನಾವು ಕಲಿಯಬೇಕಾದುದೂ ಇದೆಯೆಂದು ನಮಗೆ ತೋಚುವುದೇ ಇಲ್ಲ.

ಇದು ಉತ್ಪ್ರೇಕ್ಷೆಯೆನಿಸಿದರೆ ಸಂತ ಜಾನ್ ಬೋಸ್ಕೊ ಅವರ ಬಾಲ್ಯವನ್ನು ನೆನೆಯಬಹುದು. ಉತ್ತರ ಇಟಲಿಯ ಪಿಯೆಮೊಂತೆ ಪ್ರಾಂತದ ಬೆಕ್ಕಿ ಎಂಬ ಪುಟ್ಟ ಊರಿನಲ್ಲಿ, 1815ರ ಆಗಸ್ಟ್ 16ರಂದು ರೈತ ಕುಟುಂಬವೊಂದರಲ್ಲಿ ಅವರು ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡ ಮಗು. ತಾಯಿ ಮಾರ್ಗರೀತಾ ಬಡತನದಲ್ಲಿಯೇ ಮಕ್ಕಳನ್ನು ಸಾಕಿದಳು. ಮುಂದೆ ಜಗದ್ಗುರು ಒಂಬತ್ತನೆಯ ಪಿಯುಸ್ ಅವರ ಅಪೇಕ್ಷೆಯಂತೆ ಬರೆದ ಆತ್ಮಕಥನದಲ್ಲಿ ಬೋಸ್ಕೊ ತಮ್ಮ ಬಾಲ್ಯದ ‘ಉದ್ಯಮ’ವನ್ನು ಬಲು ಸ್ವಾರಸ್ಯವಾಗಿ ವಿವರಿಸಿದ್ದಾರೆ.

ಸುತ್ತಲಿನ ಸಂತೆ ಜಾತ್ರೆಗಳಿಗೆ ದೊಂಬರೂ ಜಾದೂಗಾರರೂ ಬರುತ್ತಿದ್ದರು. ಬಾಲಕ ಜಾನ್ ಅವರ ಕೈಚಳಕವನ್ನು ಕಣ್ಣಿಟ್ಟು ನೋಡಿ, ಮನೆಗೆ ಬಂದು ಕರಗತವಾಗುವವರೆಗೆ ಅಭ್ಯಾಸ ಮಾಡುತ್ತಿದ್ದ. ಬಿದ್ದ, ಪೆಟ್ಟು ತಿಂದ, ಮತ್ತೆ ಎದ್ದ. 11ರ ವಯಸ್ಸಿಗೆಲ್ಲ ಹಗ್ಗದ ಮೇಲೆ ನಡೆಯುವುದು, ಲಾಗ ಹಾಕುವುದು, ಕೈಗಳ ಮೇಲೆ ನಡೆಯುವುದು ಎಲ್ಲವೂ ಆತನಿಗೆ ಸಾಧಿಸಿದ್ದವು. ಹಬ್ಬದ ದಿನಗಳಲ್ಲಿ ಬೆಕ್ಕಿಯ ಹುಲ್ಲುಗಾವಲಿನಲ್ಲಿ ಮರದಿಂದ ಮರಕ್ಕೆ ಹಗ್ಗ ಬಿಗಿದು ಆತ ಪ್ರದರ್ಶನ ನೀಡುತ್ತಿದ್ದ. ಚಿಕ್ಕವರೊಡನೆ ದೊಡ್ಡವರೂ ಬಂದು ನೆರೆಯುತ್ತಿದ್ದರು.

ಇದಕ್ಕೆಲ್ಲ ಬಂಡವಾಳ ಎಲ್ಲಿಂದ ಬಂತು? ಸಾಲದಿಂದಲ್ಲ. ಮಿಠಾಯಿಗೆಂದು ಸಿಕ್ಕ ಚಿಲ್ಲರೆಯನ್ನು ಆತ ಕೂಡಿಡುತ್ತಿದ್ದ. ಹಕ್ಕಿಗಳನ್ನು ಬಲೆಯೊಡ್ಡಿ ಹಿಡಿದು, ಅಣಬೆಗಳನ್ನೂ ಬಣ್ಣಕ್ಕೆ ಬೇಕಾದ ಸೊಪ್ಪನ್ನೂ ಕಿತ್ತು ತಂದು ಮಾರುತ್ತಿದ್ದ. ಯಾವುದನ್ನು ಯಾರಿಗೆ ಮಾರಬೇಕೆಂಬುದನ್ನೂ ಅರಿತಿದ್ದ. ಇಲ್ಲಿರುವುದು ಮೊದಲನೆಯ ಪಾಠ. ಆತ ಮೊದಲು ವಿದ್ಯೆ ಕಲಿತ, ಅದಕ್ಕೆ ಬೇಕಾದಷ್ಟನ್ನು ತಾನೇ ದುಡಿದ, ಆಮೇಲೆ ಜನರನ್ನು ಕರೆದ. ನಮ್ಮಲ್ಲಿ ಈ ಕ್ರಮ ಅನೇಕ ವೇಳೆ ತಲೆಕೆಳಗಾಗಿರುತ್ತದೆ. ಮೊದಲು ಬ್ಯಾಂಕಿನ ಸಾಲ, ಅನಂತರ ದೊಡ್ಡ ನಾಮಫಲಕ, ಧರ್ಮಗುರುಗಳಿಂದ ಆಶೀರ್ವಚನ, ಬಂಧುಗಳಿಗೆ ಭೋಜನ. ಕಸುಬಿನ ಒಳಗುಟ್ಟು ತಿಳಿದವರು ಯಾರೆಂಬ ಪ್ರಶ್ನೆ ಏಳುವುದು ಸಾಲದ ಕಂತು ತಪ್ಪಿದ ಮೇಲೆ. ಪರದೇಶದಲ್ಲಿ ವರ್ಷಗಟ್ಟಲೆ ದುಡಿದ ಉಳಿತಾಯ ಹೀಗೆ ಕರಗಿಹೋದ ಕುಟುಂಬಗಳ ನೋವನ್ನು ಬಲ್ಲವರಿಗೆ ಈ ಬಾಲಕನ ಎಚ್ಚರ ಸಣ್ಣದೆನಿಸದು.

ಎರಡನೆಯ ಪಾಠ ಬೆಲೆಯದು. ಜಾನ್ ಬೋಸ್ಕೊನ ಪ್ರದರ್ಶನಕ್ಕೆ ಟಿಕೆಟ್ಟು ಇರಲಿಲ್ಲ, ಆದರೆ ಅದು ಪುಕ್ಕಟೆಯೂ ಆಗಿರಲಿಲ್ಲ. ಬಂದವರೆಲ್ಲರೂ ಮೊದಲು ಜಪಸರ ಪ್ರಾರ್ಥನೆ ಮಾಡಿ ಭಕ್ತಿಗೀತೆ ಹಾಡಬೇಕು. ಬೆಳಿಗ್ಗೆ ದೇವಾಲಯದಲ್ಲಿ ಕೇಳಿದ ಪ್ರಬೋಧನೆಯನ್ನು ಆತ ಕುರ್ಚಿಯ ಮೇಲೆ ನಿಂತು ಮತ್ತೆ ಹೇಳುವಾಗ ಕಿವಿಗೊಡಬೇಕು. ಆಮೇಲೆಯೇ ಹಗ್ಗದ ಮೇಲಿನ ನಡಿಗೆ. ಬಡವನಿಗೂ ಸಿರಿವಂತನಿಗೂ ತೆರಲು ಸಾಧ್ಯವಾದ ಒಂದೇ ಬೆಲೆ. ಹಾಗೆಂದು ಗುಂಪು ದೊಡ್ಡದಾಗಲೆಂದು ನಿಯಮ ಸಡಿಲಿಸಲಿಲ್ಲ. ಕೆಟ್ಟ ಮಾತನಾಡುವವರಿಗೂ ಪ್ರಾರ್ಥನೆಗೆ ಒಲ್ಲದವರಿಗೂ ಅಲ್ಲಿ ಸ್ಥಳವಿರಲಿಲ್ಲ. ಬಂದವನ ಶಕ್ತಿಯನ್ನು ಗಮನಿಸಿ ಬೆಲೆ ಇಡುವುದು, ಲಾಭದ ಆಸೆಗೆ ತತ್ವವನ್ನು ಮಾರದಿರುವುದು ಇವೆರಡೂ ಒಟ್ಟಿಗೆ ಸಾಧ್ಯವೆಂದು ಆ ಬಾಲಕ ತೋರಿಸಿಕೊಟ್ಟ.

ಇದೆಲ್ಲ ಮಕ್ಕಳಾಟ, ದೊಡ್ಡವರ ಮಾರುಕಟ್ಟೆಯಲ್ಲಿ ನಡೆಯದು ಎಂದು ಹೇಳುವವರಿದ್ದಾರೆ. ಆದರೆ ಬೋಸ್ಕೊ ದೊಡ್ಡವರ ಮಾರುಕಟ್ಟೆಯನ್ನೂ ಕಂಡವರು. ಸುಮಾರು 12ರ ಪ್ರಾಯದಲ್ಲಿ ಮನೆ ಬಿಟ್ಟು ಬೇರೊಂದು ರೈತ ಕುಟುಂಬದಲ್ಲಿ ಆಳಾಗಿ ದುಡಿದರು. ಕಿಯೇರಿ ಪಟ್ಟಣದಲ್ಲಿ ವಿದ್ಯಾರ್ಥಿಯಾಗಿದ್ದಾಗ ಕಾಫಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತ ಕಾಫಿ, ಸಿಹಿತಿಂಡಿಗಳ ತಯಾರಿಕೆಯನ್ನು ಕಲಿತರು. ಆ ಕಸುಬಿನಲ್ಲಿಯೇ ನೆಲೆಸಲು ಮಾಲೀಕನು ಒಳ್ಳೆಯ ಕೊಡುಗೆಯನ್ನು ಮುಂದಿಟ್ಟರೂ ತಮ್ಮ ದೈವಕರೆಯನ್ನು ಬಿಟ್ಟುಕೊಡಲಿಲ್ಲ.

ಆಟದ ಉದ್ಯಮಕ್ಕೂ ಹೊಟ್ಟೆಪಾಡಿನ ದುಡಿಮೆಗೂ ಇರುವ ಅಂತರವನ್ನು ಅವರು ಹೀಗೆ ಅನುಭವದಿಂದಲೇ ಬಲ್ಲವರಾಗಿದ್ದರು. ಆದಕಾರಣ ಈ ಲೇಖನವನ್ನು ಬಾಲಕಾರ್ಮಿಕ ಪದ್ಧತಿಯ ಸಮರ್ಥನೆಯೆಂದು ಯಾರೂ ಭಾವಿಸಬಾರದು. 14 ವರ್ಷದೊಳಗಿನವರನ್ನು ದುಡಿಮೆಗೆ ನೇಮಿಸುವುದನ್ನು ನಮ್ಮ ದೇಶದಲ್ಲಿ 2016ರ ತಿದ್ದುಪಡಿ ಕಾಯಿದೆ ನಿಷೇಧಿಸಿದೆ. ಆಟದಲ್ಲಿ ಮಗುವೇ ಯಜಮಾನ. ಬೇಸರವಾದಾಗ ಅಂಗಡಿ ಮುಚ್ಚುವ ಸ್ವಾತಂತ್ರ್ಯ ಅದಕ್ಕಿದೆ. ಆಳುಮಗನಿಗೆ ಆ ಸ್ವಾತಂತ್ರ್ಯವಿಲ್ಲ.

ಮೂರನೆಯ ಪಾಠ ಅತ್ಯಂತ ಮುಖ್ಯವಾದುದು. ಗುರುದೀಕ್ಷೆ ಪಡೆದು 1841ರಲ್ಲಿ ತೂರಿನ್ ನಗರಕ್ಕೆ ಬಂದ ಬೋಸ್ಕೊ, ಹಳ್ಳಿಗಳಿಂದ ಕೂಲಿಗೆ ಬಂದ ಹುಡುಗರ ದುಸ್ಥಿತಿಯನ್ನು ಕಂಡು ಮರುಗಿದರು. ಅವರಿಗಾಗಿ ಪ್ರಾರ್ಥಿಸಿದ್ದಷ್ಟೇ ಅಲ್ಲ, ಮಾಲೀಕರೊಡನೆ ಕುಳಿತು ಲಿಖಿತ ಕರಾರು ಮಾಡಿಸಿದರು. ಗಾಜಿನ ಕೆಲಸ ಕಲಿಯುವ ಒಬ್ಬ ಹುಡುಗನಿಗಾಗಿ 1851ರ ನವೆಂಬರ್‌ನಲ್ಲಿ ಮಾಡಿಸಿದ ಅಂಥ ಕರಾರಿನ ಷರತ್ತುಗಳು ಇಂದಿಗೂ ಓದತಕ್ಕವು: ಹುಡುಗನಿಗೆ ಕಸುಬನ್ನು ಕಲಿಸಬೇಕು, ಕಸುಬಿಗೆ ಸಂಬಂಧಿಸದ ಚಾಕರಿಗೆ ಹಚ್ಚಬಾರದು, ತಪ್ಪಿದರೆ ಮಾತಿನಿಂದ ತಿದ್ದಬೇಕು, ಹೊಡೆಯಬಾರದು, ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು. ಹುಲ್ಲುಗಾವಲಿನಲ್ಲಿ ಪಾಲಿಸಿದ ನ್ಯಾಯವನ್ನೇ ಅವರು ಕಾರ್ಖಾನೆಯ ಬಾಗಿಲಿಗೂ ಒಯ್ದರು. ಜಗದ್ಗುರು ಹದಿಮೂರನೆಯ ಲಿಯೋ ಅವರು ‘ರೇರುಮ್ ನೊವಾರುಮ್’ ಪರಿಪತ್ರದಲ್ಲಿ ಕಾರ್ಮಿಕರ ನ್ಯಾಯವಾದ ವೇತನದ ಪರವಾಗಿ ದನಿಯೆತ್ತಿದ್ದು 1891ರಲ್ಲಿ, ಅಂದರೆ 40 ವರ್ಷಗಳ ಬಳಿಕ, ಎಂಬುದನ್ನು ಗಮನಿಸಬೇಕು.

ಪ್ರತಿವರ್ಷ ಜನವರಿ 31ರಂದು ನಾವು ಈ ಸಂತರ ಹಬ್ಬವನ್ನು ಆಚರಿಸುತ್ತೇವೆ. ಅಂದು ಅಂಗಡಿ, ಹೋಟೆಲು, ತೋಟಗಳನ್ನು ನಡೆಸುವ ಕುಟುಂಬಗಳು ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳಬೇಕು. ನಮ್ಮಲ್ಲಿ ದುಡಿಯುವ ಯುವಕ ಯುವತಿಯರ ವೇತನ, ರಜೆಗಳ ಕರಾರು ಕಾಗದದಲ್ಲಿದೆಯೇ? ನಾವು ಭಾನುವಾರ ಬಲಿಪೂಜೆಗೆ ಹೊರಟಾಗ ಅವರು ನಮ್ಮ ಗಲ್ಲಾಪೆಟ್ಟಿಗೆ ಕಾಯುತ್ತ ಕುಳಿತಿರುತ್ತಾರೆಯೇ? ಐದಾರು ವರ್ಷ ನಮ್ಮಲ್ಲಿದ್ದು ಹೋಗುವಾಗ ಸ್ವಂತವಾಗಿ ಬದುಕಲು ಒಂದು ಕಸುಬನ್ನಾದರೂ ಕಲಿತಿರುತ್ತಾರೆಯೇ?

ಮಕ್ಕಳಿಗೆ ನಾವು ವ್ಯಾಪಾರ ಕಲಿಸಬೇಕಾಗಿಲ್ಲ. ಅವರಲ್ಲಿ ಸಹಜವಾಗಿರುವ ನ್ಯಾಯಬುದ್ಧಿಯನ್ನು ಕೆಡಿಸದಿದ್ದರೆ ಸಾಕು. ನೆರೆಯ ಮಗುವಿಗೆ ತೂಕದಲ್ಲಿ ಮೋಸವಾದರೆ ಆಟವೇ ನಿಲ್ಲುತ್ತದೆ ಎಂಬುದನ್ನು ಅವರು ಬಲ್ಲರು. ಅದನ್ನು ಮರೆತಿರುವವರು ಲೆಕ್ಕಪುಸ್ತಕ ಬರೆಯುತ್ತಿರುವ ನಾವು.