ಪುಕ್ಕಟೆ ಹಂಚಿದ್ವಿ ಅನ್ನೋರು ತಂತಿ ಯಾರ ಮನೆವರೆಗೆ ಬಂದಿತ್ತು ಅನ್ನೋದನ್ನೂ ಹೇಳಲಿ

ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ಬೆಂಗಳೂರಿನ ಒಂದು ಸಭೇಲಿ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹಿರಿಯರೊಬ್ಬರು ಮಾತಾಡಿದ್ರು. ಹೆಸರು ಬೇಡ, ಕೆಟ್ಟ ಮನುಷ್ಯರೇನಲ್ಲ. "ನಮ್ಮ ಕಾಲದಲ್ಲಿ ಫೋನ್ ಲೈನಿಗೆ ಮೋಡೆಮ್ ಸಿಗಿಸಿಕೊಂಡು ಪ್ರೋಗ್ರಾಂಗಳನ್ನ ಪುಕ್ಕಟೆ ಹಂಚ್ಕೋತಿದ್ವಿ. ಯಾರ ಜಾತಿ ಯಾವುದು ಅಂತ ಒಬ್ಬರೂ ಕೇಳ್ತಿರಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿತ್ತು, ಬರೋರಿಗೆ ಆಸಕ್ತಿ ಇರಬೇಕಿತ್ತು ಅಷ್ಟೆ" ಅಂದ್ರು. ಚಪ್ಪಾಳೆ ಬಿತ್ತು. ಆಮೇಲೆ ಒಂದು ಒಗ್ಗರಣೆ: "ಈಗಿನವರಿಗೆ ಕಲಿಯೋದು ಬೇಡ, ಎಲ್ಲಾ ಬಿಟ್ಟಿ ಬೇಕು."

ಈಗಿನವರು ಅಂದ್ರೆ ಯಾರು ಅಂತ ನಮಗೂ ಗೊತ್ತು, ಅವರಿಗೂ ಗೊತ್ತು. 'ಆಸಕ್ತಿ' ಮತ್ತು 'ಬಿಟ್ಟಿ' ಅನ್ನೋ ಈ ಎರಡು ಪದಕ್ಕೆ ಉತ್ತರ ಬರೀತಿದೀನಿ.

ಮೊದಲು ಒಂದು ಮಾತು. ಆ ಹಂಚಿಕೆಯ ಇತಿಹಾಸದ ಬಗ್ಗೆ ನನಗೆ ಗೌರವ ಇದೆ. 1978ರ ಫೆಬ್ರವರಿಯಲ್ಲಿ ಚಿಕಾಗೋ ನಗರದಲ್ಲಿ ವಾರ್ಡ್ ಕ್ರಿಸ್ಟೆನ್‌ಸನ್, ರ‍್ಯಾಂಡಿ ಸೂಸ್ ಅನ್ನೋ ಇಬ್ಬರು ಮೊದಲನೇ ಬುಲೆಟಿನ್ ಬೋರ್ಡ್ ಶುರು ಮಾಡಿದ್ರು. ಮನೇಲಿ ಒಂದು ಕಂಪ್ಯೂಟರ್, ಅದಕ್ಕೆ ಒಂದು ಫೋನ್ ಲೈನು. ಬೇರೆಯವರು ತಮ್ಮ ಕಂಪ್ಯೂಟರಿಂದ ಆ ನಂಬರಿಗೆ ಫೋನ್ ಮಾಡಿ ಒಳಗೆ ಹೋಗಿ ಸಂದೇಶ ಬರೀಬಹುದು. ಅಂಥ ಬೋರ್ಡುಗಳು ಬೆಳೀತಾ ಹೋದ ಹಾಗೆ ಪ್ರೋಗ್ರಾಂಗಳ ಕೊಡುಕೊಳ್ಳುವಿಕೆಯೂ ಅಲ್ಲೇ ನಡೀತು. ಅದಕ್ಕೂ ಒಂದು ವರ್ಷ ಮೊದಲೇ ಇದೇ ಕ್ರಿಸ್ಟೆನ್‌ಸನ್ ಎಕ್ಸ್‌ಮೋಡೆಮ್ ಬರೆದು ಯಾರು ಬೇಕಾದ್ರೂ ಬಳಸಿ ಅಂತ ಬಿಟ್ಟುಕೊಟ್ಟಿದ್ದ. ಕಡತವನ್ನ 128 ಬೈಟಿನ ತುಂಡು ಮಾಡಿ ಕಳಿಸೋದು, ಪ್ರತಿ ತುಂಡೂ ಸರಿಯಾಗಿ ತಲುಪಿದೆಯಾ ಅಂತ ಲೆಕ್ಕ ನೋಡೋದು, ತಪ್ಪಿದ್ರೆ ಆ ತುಂಡನ್ನ ಮತ್ತೆ ಕಳಿಸೋದು. ಇಷ್ಟೇ. ಇದಕ್ಕೆ ಯಾರ ಹತ್ರಾನೂ ಕಾಸು ಕೇಳಲಿಲ್ಲ.

1984ರಲ್ಲಿ ಟಾಮ್ ಜೆನ್ನಿಂಗ್ಸ್ ಈ ಬೋರ್ಡುಗಳನ್ನ ಒಂದಕ್ಕೊಂದು ಹೆಣೆದು ಫಿಡೋನೆಟ್ ಮಾಡಿದ. ಅವನು ಅರಾಜಕವಾದಿ, ಸಲಿಂಗಪ್ರೇಮಿ ಅಂತ ಬಹಿರಂಗವಾಗಿ ಬದುಕಿದವನು, ಅಂಚಿನ ಜನರ ಪತ್ರಿಕೆ ನಡೆಸಿದವನು. ನಮ್ಮ ಸಾಲಿನಲ್ಲೇ ಕೂರಿಸಬಹುದಾದ ಮನುಷ್ಯ. ರಾತ್ರಿ ಫೋನ್ ದರ ಇಳಿದ ಮೇಲೆ ಒಂದು ಕಂಪ್ಯೂಟರು ಇನ್ನೊಂದಕ್ಕೆ ತಾನೇ ಫೋನ್ ಮಾಡಿ ಗಂಟು ದಾಟಿಸೋದು, ಅದು ಮುಂದಿನೂರಿಗೆ ದಾಟಿಸೋದು. ಈ ಕಡೆ ರಾತ್ರಿ ಹನ್ನೊಂದಾದ ಮೇಲೆ ಎಸ್‌ಟಿಡಿ ಕಾಲು ದರ ಆಗುತ್ತೆ ಅಂತ ಬೂತ್ ಮುಂದೆ ನಮ್ಮ ಜನ ಚಳೀಲಿ ಕಾಯ್ತಿದ್ರಲ್ಲ, ಅದೇ ಲೆಕ್ಕಾಚಾರ. ವ್ಯತ್ಯಾಸ ಏನಂದ್ರೆ ಅಲ್ಲಿ ಕಾಯ್ತಿದ್ದದ್ದು ಯಂತ್ರ, ಇಲ್ಲಿ ನಾವು.

ಈಗ ಆಸಕ್ತಿಯ ವಿಷಯಕ್ಕೆ ಬರ್ತೀನಿ. ಗುಮಾಸ್ತ ನಾನು, ಲೆಕ್ಕ ಹಾಕದೆ ಬಿಡಲ್ಲ.

2400 ವೇಗದ ಮೋಡೆಮ್‌ನಲ್ಲಿ ಸೆಕೆಂಡಿಗೆ ಸುಮಾರು 240 ಅಕ್ಷರ ಹೋಗುತ್ತೆ. ಒಂದು 1.44 ಎಂಬಿ ಫ್ಲಾಪಿಯಷ್ಟು ಮಾಲು ಇಳಿಸ್ಕೊಳ್ಳೋಕೆ ಒಂದೂಮುಕ್ಕಾಲು ಗಂಟೆ ಹತ್ತಿರ ಬೇಕು. ಅಷ್ಟೂ ಹೊತ್ತು ಫೋನು ಕಟ್ ಆಗಬಾರದು. ಕಟ್ ಆದ್ರೆ ಎಕ್ಸ್‌ಮೋಡೆಮ್‌ನಲ್ಲಿ ಮೊದಲಿಂದ ಶುರು. ನಿಂತಲ್ಲಿಂದ ಮುಂದುವರಿಸೋ ಝಡ್‌ಮೋಡೆಮ್ ಬಂದದ್ದು 1986ರಲ್ಲಿ. ಮೀಟರ್ ಓಡ್ತಾನೇ ಇರುತ್ತೆ. ಪ್ರೋಗ್ರಾಂ ಪುಕ್ಕಟೆ, ನಿಜ. ಅದು ಹರಿದು ಬರೋ ಪ್ರತಿ ನಿಮಿಷಕ್ಕೂ ಬಿಲ್ಲು. ಆ ಬಿಲ್ಲು ಕಟ್ಟೋಕೆ ಮುಂಚೆ ಲೈನು ಬೇಕು, ಅದಕ್ಕೂ ಮುಂಚೆ ಕಂಪ್ಯೂಟರ್ ಬೇಕು, ಅದಕ್ಕೂ ಮುಂಚೆ ಕರೆಂಟಿರೋ ಮನೆ, ಎಲ್ಲದಕ್ಕೂ ಮುಂಚೆ ಇಂಗ್ಲಿಷು. ಇಷ್ಟನ್ನೂ ಸೇರಿಸಿ ಒಂದೇ ಪದದಲ್ಲಿ 'ಆಸಕ್ತಿ' ಅಂದುಬಿಟ್ರೆ ಹೆಂಗೆ ಸಾರ್?

ಲೈನು ಯಾರಿಗಿತ್ತು? 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯನ್ನೇ ತೆಗೆದು ನೋಡಿ. ನೂರು ಜನಕ್ಕೆ 0.8 ಫೋನು ಅಂತ ಸರ್ಕಾರವೇ ಒಪ್ಕೊಂಡಿದೆ. ದೇಶದ 5.76 ಲಕ್ಷ ಹಳ್ಳಿಗಳ ಪೈಕಿ ಫೋನು ತಲುಪಿದ್ದು ಸುಮಾರು 1.4 ಲಕ್ಷಕ್ಕೆ. ಲೈನಿಗಾಗಿ ಕಾಯ್ತಿದ್ದವರೇ 25 ಲಕ್ಷ ಮಂದಿ.

ಇದರಲ್ಲಿ ಹೆಮ್ಮೆ ಪಡೋ ಸಂಗತಿಯೂ ಇದೆ, ಹೇಳದೆ ಹೋದ್ರೆ ಅನ್ಯಾಯ. ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ದೇಶದಲ್ಲಿ ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಏಸಿ ಬೇಡ, ಧೂಳು ಬಿಸಿಲು ತಡೆಯುತ್ತೆ, ನಮ್ಮ ಹಳ್ಳಿಗೆ ಅಂತಲೇ ಮಾಡಿದ ಯಂತ್ರ. ಸರ್ಕಾರಿ ದುಡ್ಡಲ್ಲಿ, ಸರ್ಕಾರಿ ಇಂಜಿನಿಯರುಗಳು ಮಾಡಿದ್ದು. ಆದ್ರೆ ಒಂದೂರಲ್ಲಿ 128 ಲೈನು ಬಂದ್ರೆ ಅದು ಯಾವ ಬೀದಿಗೆ ಹೋಗುತ್ತೆ? ನಮ್ಮ ತೂಬಗೆರೆ ಹೋಬಳಿ ಕಡೆ ನಾನು ಹುಡುಗನಾಗಿ ನೋಡಿದ್ದು ಹೇಳ್ತೀನಿ. ದೊಡ್ಡ ಮನೆಗಳಿಗೆ ಹೋಯ್ತು, ಅಂಗಡಿಗೆ ಹೋಯ್ತು, ಬೂತಿಗೆ ಹೋಯ್ತು. ಕೇರಿಗೆ ಕಂಬ ಬಂತು, ತಂತಿ ಬರಲಿಲ್ಲ.

ಪಿಪಿ ನಂಬರ್ ನೆನಪಿದೆಯಾ? ಈಗಿನ ಹುಡುಗರಿಗೆ ಗೊತ್ತಿರಲ್ಲ. ನಮ್ಮ ಮನೇಲಿ ಫೋನಿಲ್ಲ ಅಂದ್ರೆ ಪಕ್ಕದವರ ನಂಬರ್ ಕೊಟ್ಟು ಮುಂದೆ 'ಪಿಪಿ' ಅಂತ ಬರೀಬೇಕು. ನಮಗೆ ಪಕ್ಕದವರಿಗೂ ಇರಲಿಲ್ಲ. ಊರೊಳಗಿನ ಮನೆಯೊಂದರ ನಂಬರ್ ಕೊಡ್ತಿದ್ವಿ. ಫೋನ್ ಬಂದ್ರೆ ಅವರ ಆಳು ಬಂದು ಕೂಗಬೇಕು, ಬಂದ್ರೆ. ನಮ್ಮಪ್ಪ ಓಡಿಹೋಗಿ ಜಗಲಿ ಕೆಳಗೆ ನಿಲ್ಲೋರು. ರಿಸೀವರ್ ಕೈಗೆ ಕೊಡ್ತಿರಲಿಲ್ಲ. ಆ ಕಡೆಯವರು ಹೇಳಿದ್ದನ್ನ ಮನೆಯವರು ಕೇಳಿಸ್ಕೊಂಡು ನಮಗೆ ಹೇಳೋರು, ನಾವು ಅಂದದ್ದನ್ನ ಅವರು ಫೋನಿಗೆ ಹೇಳೋರು. ನನ್ನಕ್ಕನ ಹೆರಿಗೆ ಸುದ್ದಿ ಹಿಂಗೇ ಬಂದದ್ದು, ಅರ್ಧಂಬರ್ಧ. ರಿಸೀವರನ್ನೇ ಮುಟ್ಟಿಸದ ಊರಲ್ಲಿ ಕೂತು ನಾನು ಯಾವ ಬಾಯಲ್ಲಿ ಕೇಳಲಿ, "ಸ್ವಾಮಿ, ನಿಮ್ಮ ಫೋನಿಗೆ ಮೋಡೆಮ್ ಸಿಗಿಸಿ ಒಂದೂಮುಕ್ಕಾಲು ಗಂಟೆ ಬಿಡ್ತೀರಾ" ಅಂತ?

ಯಾರೂ ಜಾತಿ ಕೇಳ್ತಿರಲಿಲ್ಲ ಅಂತೀರಿ. ಕೇಳೋ ಅಗತ್ಯವೇ ಬೀಳಲಿಲ್ಲ ಸಾರ್. ಜಗಲಿ ಹತ್ರಾನೇ ಕೇಳಿ ಮುಗಿದಿತ್ತು.

ಇದು ನಮಗೆ ಹೊಸ ಕಥೆಯೂ ಅಲ್ಲ. 1923ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆಯವರ ಠರಾವು ಪಾಸಾಯ್ತು, ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಅಂತ. ಮಹಾಡದ ಪುರಸಭೆಯೂ ಹೂಂ ಅಂತು. ಕಾಗದದ ಮೇಲೆ ಚವದಾರ್ ಕೆರೆ ತೆರೆದೇ ಇತ್ತು. 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಜನಾನ ಕರ್ಕೊಂಡು ನಡೆದು ಹೋಗಿ ನೀರು ಮುಟ್ಟೋವರೆಗೂ ಅದು ನಮ್ಮದಾಗಲಿಲ್ಲ. ಮುಟ್ಟಿದ ಮೇಲೆ ಏನಾಯ್ತು ಅಂತ ನಿಮಗೆ ಗೊತ್ತು. ನಮ್ಮವರನ್ನ ಹೊಡೆದರು, ಕೆರೇನ ಶುದ್ಧಿ ಮಾಡಿದ್ರು. ಆ ಕೆರೆ ಬಗ್ಗೆಯೂ ಆಗ ಯಾರಾದ್ರೂ ಅಂದಿರಬಹುದು, ನೀರು ಪುಕ್ಕಟೆನೇ, ಬರೋ ಆಸಕ್ತಿ ಇರಬೇಕು ಅಷ್ಟೆ ಅಂತ.

ಇನ್ನು ನಮ್ಮ ದೇಶದಲ್ಲಿ ಈ ಬಾಗಿಲು ತೆರೆದದ್ದು ಯಾರ ದುಡ್ಡಲ್ಲಿ ಅನ್ನೋದನ್ನೂ ನೋಡೋಣ. 1986ರಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಶುರು ಮಾಡಿತು. ಅದರಲ್ಲಿ ಐದು ಐಐಟಿ, ಮುಂಬಯಿಯ ಎನ್‌ಸಿಎಸ್‌ಟಿ, ನಮ್ಮ ಬೆಂಗಳೂರಿನ ಐಐಎಸ್‌ಸಿ. ಮೊದಮೊದಲು ಅಲ್ಲಿ ಇಮೇಲ್ ಓಡಾಡಿದ್ದೂ ಫೋನ್ ಲೈನಿನ ಮೇಲೇನೇ. ಹೊರದೇಶದ ಪುಕ್ಕಟೆ ತಂತ್ರಾಂಶ ಈ ದೇಶಕ್ಕೆ ಇಳಿದ ಮೊದಲ ಹಾದಿಗಳಲ್ಲಿ ಇದೂ ಒಂದು. ತೆರಿಗೆ ದುಡ್ಡು, ಸರ್ಕಾರಿ ಲೈನು, ಸರ್ಕಾರಿ ಹಾಸ್ಟೆಲು. ಆ ಕ್ಯಾಂಪಸ್ಸುಗಳಲ್ಲಿ ಆಗ ನಮ್ಮ ಹುಡುಗರು ಎಷ್ಟು ಮಂದಿ ಇದ್ದರು, ಮೇಷ್ಟ್ರುಗಳಲ್ಲಿ ಎಷ್ಟು ಮಂದಿ ಇದ್ದರು ಅಂತ ನಾನು ಹೇಳೋದು ಬೇಕಾ?

1994ರಲ್ಲಿ ಬುಲೆಟಿನ್ ಬೋರ್ಡ್ ನಡೆಸೋರಿಗೆ ದೂರಸಂಪರ್ಕ ಇಲಾಖೆ ಲಕ್ಷಗಟ್ಟಲೆ ಪರವಾನಗಿ ಶುಲ್ಕ ಕೇಳ್ತು. 1885ರ ಟೆಲಿಗ್ರಾಫ್ ಕಾಯಿದೆ ಹಿಡ್ಕೊಂಡು. ಆಗ ಇದೇ ನಗರದ ಜನ ಪ್ರತಿಭಟಿಸಿದ್ರು, ನ್ಯಾಯವಾಗೇ ಪ್ರತಿಭಟಿಸಿದ್ರು. ಲೈನಿನ ಮೇಲೆ ಮಾತಾಡೋ ಹಕ್ಕಿಗೆ ಸುಂಕ ಯಾಕೆ ಅಂತ. ಸರಿಯಾದ ಪ್ರಶ್ನೆ. ಆದ್ರೆ ಲೈನೇ ಇಲ್ಲದವರ ಹಕ್ಕಿನ ಮಾತು ಆ ಗಲಾಟೇಲಿ ಎಷ್ಟು ಕೇಳಿಸ್ತು? 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು, ಸ್ವಾತಂತ್ರ್ಯ ದಿನ ನೋಡಿ. ಒಬ್ಬ ಸಾಮಾನ್ಯ ವ್ಯಕ್ತಿಗೂ ವರ್ಷಕ್ಕೆ ಸಾವಿರಾರು ರೂಪಾಯಿ. ನಮ್ಮಮ್ಮನ ಕೂಲಿ ಲೆಕ್ಕದಲ್ಲಿ ಅದು ಎಷ್ಟು ತಿಂಗಳು ಅಂತ ಆಗ ಲೆಕ್ಕ ಹಾಕೋಕೂ ನಮಗೆ ಹೊಳೆದಿರಲಿಲ್ಲ. ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲವಲ್ಲ.

ಹಂಗಾದ್ರೆ ನಮಗೆ ತಲುಪಿದ್ದು ಹೆಂಗೆ? ಫೋನಲ್ಲಿ ಅಲ್ಲ, ಬಸ್ಸಲ್ಲಿ. ಬಿಎ ಮುಗಿಸಿ ನಾನು ಟೈಪಿಂಗು, ಡಿಟಿಪಿ ಕಲಿಯೋಕೆ ಸೇರಿದ ಸೆಂಟರಿಗೆ ಕನ್ನಡ ತಂತ್ರಾಂಶ ಬರ್ತಿದ್ದದ್ದು ಬೆಂಗಳೂರಿಂದ, ಯಾರದೋ ಅಂಗಿ ಜೇಬಲ್ಲಿ, ಎರಡು ಫ್ಲಾಪಿಯಾಗಿ. ಧೂಳು ಕೂತಿದ್ರೆ ಒಂದು ಓಪನ್ ಆಗ್ತಿರಲಿಲ್ಲ, ಇನ್ನೊಂದು ವಾರ ಕಾಯಬೇಕು. ಅದನ್ನ ಕಾಪಿ ಮಾಡಿಕೊಡೋಕೆ ಸೆಂಟರಿನವರು ನಮ್ಮಿಂದ ಇನ್ನೂರು ರೂಪಾಯಿ ತಗೊಂಡ್ರು. ಎಷ್ಟೋ ವರ್ಷ ಆದಮೇಲೆ ಗೊತ್ತಾಯ್ತು, ಅದು ಉಚಿತವಾಗಿ ಹಂಚೋಕೆ ಅಂತಲೇ ಮಾಡಿದ ತಂತ್ರಾಂಶ.

ಅಂದ್ರೆ ಕೇಳಿ. ತಂತಿ ಇದ್ದವರಿಗೆ ಅದು ಪುಕ್ಕಟೆ ಸಿಕ್ತು. ತಂತಿ ಇಲ್ಲದ ನಾವು ಅದನ್ನೇ ದುಡ್ಡು ಕೊಟ್ಟು ತಗೊಂಡ್ವಿ. ಈಗ ಬಿಟ್ಟಿ ಕೇಳೋರು ಯಾರು ಅಂತ ಹೇಳಿ?

ಆ ಪದ ಬಾಯಿಗೆ ತರೋ ಮುಂಚೆ ಯೋಚನೆ ಮಾಡಬೇಕು. ಬಿಟ್ಟಿ ಅಂದ್ರೆ ಕನ್ನಡದಲ್ಲಿ ಬರೀ ಪುಕ್ಕಟೆ ಅಲ್ಲ. ಬಿಟ್ಟಿ ಚಾಕರಿ ಅಂತ ಇತ್ತು. ಹಬ್ಬಕ್ಕೆ ತಮಟೆ ಹೊಡಿ, ಸತ್ತ ದನ ಎಳಿ, ಸಾವಿನ ಸುದ್ದಿ ಹೊತ್ಕೊಂಡು ಊರೂರು ತಿರುಗು, ಕೂಲಿ ಕೇಳಬೇಡ. ಹೌದು, ಸುದ್ದಿ ಹೊರೋದು. ಫೋನು ಬರೋಕೆ ಮುಂಚೆ ಈ ಹಳ್ಳಿಗಳ ನೆಟ್‌ವರ್ಕ್ ನಮ್ಮ ತಾತಂದಿರ ಕಾಲುಗಳೇ. ಸಂವಿಧಾನದ 23ನೇ ವಿಧಿ ಅದನ್ನ ನಿಷೇಧಿಸಬೇಕಾಯ್ತು. ತಲೆಮಾರುಗಟ್ಟಲೆ ಬಿಟ್ಟಿ ಕೊಟ್ಟವರನ್ನ ಬಿಟ್ಟಿ ತಗೊಳ್ಳೋರು ಅನ್ನೋಕೆ ಧೈರ್ಯ ಬೇಕು ಬಿಡಿ.

ಪುಕ್ಕಟೆ ಅನ್ನೋದು ಈ ಚಳವಳಿಯ ತಿರುಳೂ ಅಲ್ಲ. 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ ತನ್ನ ಇಮ್ಯಾಕ್ಸ್ ಪ್ರೋಗ್ರಾಂನ ಟೇಪನ್ನ 150 ಡಾಲರಿಗೆ ಮಾರ್ತಿದ್ದ, ನೆಟ್‌ವರ್ಕ್ ಇಲ್ಲದವರಿಗೆ ಅಂಚೇಲಿ ಕಳಿಸ್ತಿದ್ದ. ಅವನ ತಕರಾರು ದುಡ್ಡಿನ ಮೇಲಲ್ಲ. ಬಿಚ್ಚಿ ನೋಡೋಕೆ, ತಿದ್ದೋಕೆ, ಇನ್ನೊಬ್ಬನಿಗೆ ಕೊಡೋಕೆ ಸ್ವಾತಂತ್ರ್ಯ ಇರಬೇಕು ಅನ್ನೋದು. ನಾವು ಕನ್ನಡದಲ್ಲಿ 'ಉಚಿತ' ಅಂದು ಇದನ್ನ ಅರ್ಧಕ್ಕೆ ಕೊಂದ್ವಿ, 'ಸ್ವತಂತ್ರ ತಂತ್ರಾಂಶ' ಅನ್ನೋದೇ ಸರಿ. ಕನ್ನಡದಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಹಂಗೆ ಎಲ್ಲರ ಆಸ್ತಿ ಆಯ್ತು, ಇವತ್ತು ನಾನು ಕುಟ್ತಿರೋದೂ ಅದರಲ್ಲೇ. ಬರಹ 1998ರಿಂದ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಉಚಿತವಾಗಿ ಸಿಕ್ಕವು, ದೊಡ್ಡ ಉಪಕಾರ ಆಯ್ತು. ಆದ್ರೆ ಆಗಿನ ಕನ್ನಡ ಫಾಂಟುಗಳ ಸಂಕೇತವೇ ಬೇರೆ. ಯೂನಿಕೋಡ್ ಬಂದಮೇಲೆ ಹಳೇ ಕಡತ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಪುಕ್ಕಟೆ ಸಿಕ್ಕಿದ್ದಕ್ಕೂ ಕೈಗೆ ಸಿಕ್ಕಿದ್ದಕ್ಕೂ ವ್ಯತ್ಯಾಸ ಏನು ಅಂತ ಕಚೇರೀಲಿ ಹಳೇ ನಡಾವಳಿ ಹುಡುಕೋ ಯಾವ ಗುಮಾಸ್ತನನ್ನಾದ್ರೂ ಕೇಳಿ.

ಸರಿಯಾಗಿ ಮಾಡಿದವರೂ ಇದ್ದಾರೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆ ಕಡೆ, ಸುದರ್ಶನ ಲೇಔಟ್ ಸ್ಲಮ್ಮಿನಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಗೆಳೆಯರು ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ನಡೆಸಿದ್ರು. ಯಂತ್ರಗಳಿಗೆ ಸ್ವತಂತ್ರ ತಂತ್ರಾಂಶ ಹಾಕಿ ಅಲ್ಲಿನ ಮಕ್ಕಳ ಕೈಗೇ ಕೊಟ್ರು. ಬಾಗಿಲು ತೆರೆದಿದೆ ಬನ್ನಿ ಅನ್ನಲಿಲ್ಲ, ಬಾಗಿಲನ್ನೇ ಕೇರಿಗೆ ಹೊತ್ಕೊಂಡು ಹೋದ್ರು.

ಈಗ ನಮ್ಮ ತಾಲೂಕಿನ ವಿಷಯ. ಇವತ್ತು ವಿದ್ಯಾರ್ಥಿವೇತನದಿಂದ ಪಹಣಿವರೆಗೆ ಎಲ್ಲಾ ಪರದೆ ಮೇಲೆ. ಮೊಬೈಲ್ ಎಲ್ಲರ ಕೈಲೂ ಇದೆಯಲ್ಲ ಅಂತಾರೆ. ಮೊಬೈಲಲ್ಲಿ ನೋಡಬಹುದು ಕಣ್ರೀ, ಮಾಡೋದು ಕಲಿಯೋಕೆ ಆಗಲ್ಲ. ಅರ್ಜಿ ತುಂಬೋಕೆ ನಮ್ಮ ಮಕ್ಕಳು ಇನ್ನೂ ಸೈಬರ್ ಸೆಂಟರಿನವರ ಮುಂದೇನೇ ನಿಂತಿದಾರೆ, ಅದೂ ಒಂಥರಾ ಜಗಲಿನೇ. ಪರಿಶಿಷ್ಟರ ಉಪಯೋಜನೆಯ 2013ರ ಕಾಯಿದೆ ಇದೆ. 7ಡಿ ಅನ್ನೋ ಕಳ್ಳಗಿಂಡಿಯನ್ನ 2023ರಲ್ಲಿ ಮುಚ್ಚಿಸಿದ್ದೂ ಆಯ್ತು. ಆ ದುಡ್ಡಲ್ಲಿ ಕಂಪ್ಯೂಟರ್ ಹೆಸರಲ್ಲಿ ಏನೇನು ಖರ್ಚಾಗಿದೆ ಅಂತ ಕೇಳೋಕೆ ನಮಗೆ ಯಾರ ಅಪ್ಪಣೆಯೂ ಬೇಡ.

ಮಾಹಿತಿ ಹಕ್ಕಿನ ಅರ್ಜಿ ತಯಾರಾಗಿದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಅದಕ್ಕೇ ಮೂರು ಅರ್ಜಿ ಮಾಡಿದೀವಿ. ಒಂದರಲ್ಲಿ ಯಂತ್ರ ಎಷ್ಟು, ಎಲ್ಲಿವೆ, ಎಷ್ಟು ಓಡ್ತಿವೆ. ಇನ್ನೊಂದರಲ್ಲಿ ತಂತ್ರಾಂಶದ ಲೈಸೆನ್ಸಿಗೆ ಕಟ್ಟಿದ ದುಡ್ಡು ಎಷ್ಟು. ಮೂರನೇದು ಹಾಸ್ಟೆಲ್ ಮತ್ತು ಪಂಚಾಯ್ತಿ ಗ್ರಂಥಾಲಯದ ಕಂಪ್ಯೂಟರ್ ಕೋಣೆ ಬೀಗದ ಕೈ ಯಾರ ಹತ್ರ ಇದೆ, ದಿನಕ್ಕೆ ಎಷ್ಟು ಗಂಟೆ ತೆಗೀತಾರೆ ಅಂತ. ನಿಮ್ಮ ನಿಮ್ಮ ಪಂಚಾಯ್ತಿ ಹೆಸರು ಹಾಕ್ಕೊಂಡು ನೀವೂ ಕಳಿಸಿ. ಮೂವತ್ತು ದಿನ ಆದ್ರೂ ಉತ್ತರ ಬರದಿದ್ರೆ ಮೇಲ್ಮನವಿ ನಾನು ಬರ್ಕೊಡ್ತೀನಿ.

ಬರೋ ಭಾನುವಾರ ಬೆಳಗ್ಗೆ ಹತ್ತಕ್ಕೆ ತೂಬಗೆರೆಗೆ ಬನ್ನಿ. ಬರುವಾಗ 8 ಜಿಬಿಗೆ ಕಮ್ಮಿ ಇಲ್ಲದ ಪೆನ್‌ಡ್ರೈವ್ ತನ್ನಿ. ಲಿನಕ್ಸು, ಲಿಬ್ರೆ ಆಫೀಸು, ಕನ್ನಡ ಯೂನಿಕೋಡ್ ಫಾಂಟು ಎಲ್ಲಾ ತುಂಬಿಕೊಡ್ತೀವಿ, ಇಂಟರ್ನೆಟ್ ಬೇಡ. ಹಳೇ ಲ್ಯಾಪ್‌ಟಾಪ್ ಮೂಲೇಲಿ ಬಿದ್ದಿದ್ರೆ ಅದನ್ನೂ ಹೊತ್ಕೊಂಡು ಬನ್ನಿ. ಊರಿಗೆ ಹೋದಮೇಲೆ ಕೇರೀಲಿ ಕೊನೇಪಕ್ಷ ಇಬ್ಬರಿಗೆ ಕಾಪಿ ಮಾಡಿಕೊಡಬೇಕು. ದುಡ್ಡು ತಗೊಳ್ಳೋ ಹಾಗಿಲ್ಲ.

ಜೈ ಭೀಮ್.