ಕೂಸು ಕಾಯುವವರಿಗೆ ಹಬ್ಬದ ಉಡುಗೊರೆ

ದೀಪಾವಳಿ ಸಮೀಪಿಸಿತೆಂದರೆ ಮನೆಯ ಖರ್ಚಿನ ಪಟ್ಟಿ ತಾನಾಗಿಯೇ ಬೆಳೆಯುತ್ತದೆ. ಮಕ್ಕಳಿಗೆ ಬಟ್ಟೆ, ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ ಕುಬಸ, ಹೊಲದಲ್ಲಿ ದುಡಿಯುವವರಿಗೆ ಕಾಳುಕಡಿ, ಅಂಗಡಿಯ ಲಕ್ಷ್ಮೀಪೂಜೆ, ಎತ್ತುಗಳ ಹೊಸ ಹಗ್ಗದವರೆಗೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಆದರೆ ದಿನಕ್ಕೆ ಐದಾರು ಗಂಟೆಗಳ ಕಾಲ ನಮ್ಮ ಕೂಸುಗಳನ್ನು ಕಾಯ್ದು, ಉಣಿಸಿ, ಮೂಗೊರೆಸಿ, ನಾಲ್ಕು ಅಕ್ಷರ ಕಲಿಸಿ ಮನೆಗೆ ಕಳಿಸುವ ಮಹಿಳೆಯರ ಹೆಸರು ಆ ಪಟ್ಟಿಯಲ್ಲಿ ಕಾಣುವುದು ಅಪರೂಪ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದ ತಾಯಂದಿರಲ್ಲಿ ಕೆಲವರು ಈಗೀಗ ಈ ವಿಚಾರವನ್ನು ಎತ್ತುತ್ತಿದ್ದಾರೆ. ಕೊಡುವ ಮನಸ್ಸು ಅವರಿಗೆ ಇದೆ. ಆದರೆ ಮಗುವನ್ನು ನೋಡಿಕೊಳ್ಳುವವರು ಒಬ್ಬರಲ್ಲ, ಏಳೆಂಟು ಜನ. ಎಲ್ಲರಿಗೂ ಕೊಡುವಷ್ಟು ಕೈ ಸಾಗದು. ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ಬಿಡುವುದಕ್ಕೆ ಮನಸ್ಸು ಒಪ್ಪದು. ಈ ತಿಂಗಳು ಅದನ್ನೇ ವಿಚಾರ ಮಾಡೋಣ.

ಮೊದಲು ಅವರು ಯಾರೆಂಬುದನ್ನು ಗಮನಿಸಬೇಕು. ತಾಲೂಕು ಕೇಂದ್ರಗಳಲ್ಲಿ ಖಾಸಗಿ ಶಿಶುವಿಹಾರಗಳಿವೆ. ಅಲ್ಲಿ ಶಿಕ್ಷಕಿಯರು ನಾಲ್ಕೈದು ಜನ, ಆಯಾಗಳು ಇಬ್ಬರು ಮೂವರು ಇರುತ್ತಾರೆ. ಹಳ್ಳಿಗಳಲ್ಲಿಯೂ ತಾಂಡಾಗಳಲ್ಲಿಯೂ ಇರುವುದು ಅಂಗನವಾಡಿ. ಅಲ್ಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಇವುಗಳ ಜೊತೆಗೆ ರಾಜ್ಯ ಸರಕಾರದ 2023-24ರ ಆಯವ್ಯಯದಲ್ಲಿ ಪ್ರಕಟವಾಗಿ, ಗ್ರಾಮ ಪಂಚಾಯತಿಗಳಲ್ಲಿ ಆರಂಭವಾದ ‘ಕೂಸಿನ ಮನೆ’ಗಳು ಸೇರಿಕೊಂಡವು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಅವುಗಳನ್ನು ರೂಪಿಸಲಾಯಿತು. ಊರಿನ ಕೂಲಿಕಾರ ಮಹಿಳೆಯರಿಗೇ ತರಬೇತಿ ನೀಡಿ, ಸರದಿಯ ಮೇಲೆ ಕೂಸುಗಳ ಆರೈಕೆಗೆ ನೇಮಿಸುವುದು ಅಲ್ಲಿಯ ಕ್ರಮ. ಆದುದರಿಂದ ಒಂದು ಕೂಸಿನ ಮನೆಗೆ ಒಬ್ಬಳೇ ತಾಯಿಯಲ್ಲ. ಈ ತಿಂಗಳು ಒಬ್ಬರು, ಮುಂದಿನ ತಿಂಗಳು ಮತ್ತೊಬ್ಬರು.

ಅಂಗನವಾಡಿ ಎಂಬ ಹೆಸರಿನಲ್ಲಿಯೇ ನಮ್ಮ ಅಂಗಳ ಇದೆ. ತಾರಾಬಾಯಿ ಮೋಡಕ ಮತ್ತು ಅನುತಾಯಿ ವಾಘ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಗ್ರಾಮದಲ್ಲಿ, ಶಾಲೆಗೆ ಬಾರದ ಬಡಮಕ್ಕಳಿದ್ದ ಕಡೆಗೆ ತಾವೇ ಹೋಗಿ ಅಂಗಳದಲ್ಲಿ ಪಾಠ ಆರಂಭಿಸಿದರು. ಕೇಂದ್ರ ಸರಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದಿನಿಂದ ಇಂದಿನವರೆಗೂ ಈ ಮಹಿಳೆಯರಿಗೆ ಸಲ್ಲುವ ಹಣಕ್ಕೆ ‘ಸಂಬಳ’ ಎಂಬ ಹೆಸರಿಲ್ಲ, ‘ಗೌರವಧನ’ ಎಂದೇ ಹೆಸರು. ಕೇಂದ್ರ ಸರಕಾರ 2018ರ ಅಕ್ಟೋಬರಿನಲ್ಲಿ ತನ್ನ ಲೆಕ್ಕದ ಗೌರವಧನವನ್ನು ಪರಿಷ್ಕರಿಸಿದಾಗ ಕಾರ್ಯಕರ್ತೆಗೆ ತಿಂಗಳಿಗೆ 4500 ರೂಪಾಯಿ, ಸಹಾಯಕಿಗೆ 2250 ರೂಪಾಯಿ ಎಂದು ನಿಗದಿಯಾಯಿತು. ಇದರ ಮೇಲೆ ರಾಜ್ಯ ಸರಕಾರ ಸೇರಿಸುವುದುಂಟು. ಉಪಧನಕ್ಕೆ ಇವರು ಅರ್ಹರೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2022ರ ಏಪ್ರಿಲಿನಲ್ಲಿ. ಆಮೇಲೂ 2023ರ ಜನವರಿಯ ಚಳಿಯಲ್ಲಿ ರಾಜ್ಯದ ಅಂಗನವಾಡಿ ಮಹಿಳೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಧರಣಿ ಕುಳಿತರು. ನಾವು ಹಬ್ಬಕ್ಕೆ ಕೊಡುವ ಒಂದು ಚಾದರ ಈ ಬಾಕಿಯನ್ನು ತೀರಿಸುವುದಿಲ್ಲ. ಅವರ ಬೇಡಿಕೆಗಳ ಸುದ್ದಿ ಪತ್ರಿಕೆಯಲ್ಲಿ ಬಂದಾಗ ‘ಇವರದು ಇದ್ದದ್ದೇ’ ಎಂದು ಪುಟ ಮಗುಚುವ ಮನೆಯವರು ಉಡುಗೊರೆ ಕೊಡುವ ಮುನ್ನ ಸ್ವಲ್ಪ ಯೋಚಿಸಲಿ.

ಮೇಲಿನ ಎರಡು ಅಂಕಿಗಳನ್ನು ಮತ್ತೊಮ್ಮೆ ನೋಡಿರಿ. ಆ ಲೆಕ್ಕದಲ್ಲಿ ಸಹಾಯಕಿಗೆ ನಿಗದಿಯಾದದ್ದು ಕಾರ್ಯಕರ್ತೆಯ ಅರ್ಧ. ನಮ್ಮ ಉಡುಗೊರೆಗಳೂ ಇದೇ ಮಾಪನದಲ್ಲಿ ಹೋಗುತ್ತವೆ. ಶಿಕ್ಷಕಿಗೆ ಸೀರೆ, ಆಯಾಗೆ ಒಂದು ಪೊಟ್ಟಣ ಮಿಠಾಯಿ! ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಸ ಗುಡಿಸುವವಳು, ಮನೆಮನೆಗೆ ಹೋಗಿ ಮಕ್ಕಳನ್ನು ಕೈಹಿಡಿದು ಕರೆತರುವವಳು, ಅಡಿಗೆ ಮಾಡಿ ಬಡಿಸುವವಳು, ಬಟ್ಟೆ ಒದ್ದೆಯಾದ ಕೂಸನ್ನು ತೊಳೆಯುವವಳು ಅವಳೇ. ಎಷ್ಟೋ ಮನೆಗಳಲ್ಲಿ ಆಕೆಯ ಹೆಸರೇ ಗೊತ್ತಿರುವುದಿಲ್ಲ. ಆದುದರಿಂದ ಈ ಅಂಕಣದ ಮೊದಲ ಸಲಹೆ ದುಡ್ಡಿಲ್ಲದೆ ಆಗುವಂಥದು: ಹಬ್ಬಕ್ಕೆ ಮೊದಲು ಅಲ್ಲಿ ದುಡಿಯುವ ಪ್ರತಿಯೊಬ್ಬರ ಹೆಸರನ್ನು ಕೇಳಿ ಬರೆದುಕೊಳ್ಳಿರಿ. ಎರಡನೆಯದು, ಯಾರಿಗೆ ಏನು ಕೊಟ್ಟರೂ ಎಲ್ಲರಿಗೂ ಒಂದೇ ವಸ್ತು, ಒಂದೇ ಬೆಲೆಯದು ಇರಲಿ. ಕೈ ಸಾಗದಿದ್ದರೆ ಬೆಲೆಯನ್ನು ಇಳಿಸಬೇಕೇ ಹೊರತು ಜನರನ್ನು ಇಳಿಸಬಾರದು.

ಇನ್ನು ಬೆಲೆಯ ಮಾತು. ಪಟ್ಟಣದ ಶಿಶುವಿಹಾರವೊಂದರಲ್ಲಿ 40 ಮಕ್ಕಳು, ದುಡಿಯುವವರು 8 ಜನ ಎಂದುಕೊಳ್ಳೋಣ. ಪ್ರತಿ ಮನೆಯವರೂ ಎಂಟೂ ಜನರಿಗೆ 50 ರೂಪಾಯಿಯ ಒಂದೊಂದು ವಸ್ತು ತಂದರೆ ಮನೆಗೆ 400 ರೂಪಾಯಿ ಖರ್ಚು. ಆಯಾ ಮನೆಗೆ ಒಯ್ಯುವುದು 40 ಪ್ಲಾಸ್ಟಿಕ್ ಡಬ್ಬಿ, ಗಾಜಿನ ಲೋಟ, ಮಿಠಾಯಿ ಪೊಟ್ಟಣಗಳ ಒಂದು ಗಂಟು. ಅದರಲ್ಲಿ ಉಪಯೋಗಕ್ಕೆ ಬರುವುದು ನಾಲ್ಕೋ ಐದೋ. ಅದರ ಬದಲು ಮನೆಗೆ 100 ರೂಪಾಯಿಯಂತೆ ಕೂಡಿಸಿದರೆ 4000 ರೂಪಾಯಿ ಆಗುತ್ತದೆ, ತಲೆಗೆ 500 ಬೀಳುತ್ತದೆ. ಮನೆಯ ಖರ್ಚು ಕಾಲುಭಾಗಕ್ಕೆ ಇಳಿಯಿತು, ಅವರಿಗೆ ಸಲ್ಲುವುದು ನಿಜಕ್ಕೂ ಒಂದು ವಸ್ತುವಾಯಿತು. ಹಳ್ಳಿಯ ಅಂಗನವಾಡಿಗೆ 15 ಮನೆಗಳು 40 ರೂಪಾಯಿಯಂತೆ ಹಾಕಿದರೂ ಇಬ್ಬರಿಗೂ ತಲಾ 300 ರೂಪಾಯಿಯ ಉಡುಗೊರೆ ಸಿದ್ಧ.

ಕೂಡಿಸುವ ರೀತಿಯಲ್ಲಿ ಮಾತ್ರ ಎಚ್ಚರ ಬೇಕು. ಹಾಳೆಯಲ್ಲಿ ಹೆಸರು ಬರೆದು ಎದುರಿಗೆ ಮೊತ್ತ ಬರೆಯುವ ಪದ್ಧತಿ ಬೇಡ. ಶೇಂಗಾ ಕೀಳುವ ಕೂಲಿಗೆ ಹೋಗುವ ತಾಯಿಗೆ ಆ ವಾರ ನಲವತ್ತು ರೂಪಾಯಿ ದೊಡ್ಡದೇ. ಹಾಳೆ ತನ್ನ ಮನೆಯ ಬಾಗಿಲಿಗೆ ಬಂದಾಗ ಆಕೆ ಸಾಲ ಮಾಡಿಯಾದರೂ ಕೊಡುತ್ತಾಳೆ, ಇಲ್ಲವೇ ನಾಳೆಯಿಂದ ಮಗುವನ್ನು ಕಳಿಸಲು ನಾಚುತ್ತಾಳೆ. ಇವೆರಡರಲ್ಲಿ ಯಾವುದಾದರೂ ಉಡುಗೊರೆಯ ಉದ್ದೇಶವೇ ಕೆಟ್ಟಂತೆ. ಮುಚ್ಚಳದಲ್ಲಿ ಸೀಳು ಮಾಡಿದ ಒಂದು ಡಬ್ಬಿಯನ್ನು ಯಾರಾದರೂ ಹಿರಿಯ ತಾಯಿಯ ಮನೆಯಲ್ಲಿ ಇಟ್ಟರಾಯಿತು. ಹಾಕಿದವರು ಹಾಕಲಿ, ಹಾಕದವರನ್ನು ಕೇಳುವುದು ಬೇಡ. ಕೊಡುವಾಗ ಮಾತ್ರ ‘ಎಲ್ಲ ಮಕ್ಕಳ ಪರವಾಗಿ’ ಎಂದೇ ಬರೆಯಬೇಕು, ಒಂದು ಹೆಸರೂ ಬಿಡದಂತೆ.

ಏನು ಕೊಡಬೇಕು ಎಂಬಲ್ಲಿ ನಮ್ಮ ಮನೆಗಳ ರೂಢಿಯೊಂದು ಅಡ್ಡ ಬರುತ್ತದೆ. ಹೆಣ್ಣುಮಕ್ಕಳಿಗೆ ಕೊಡುವುದೆಂದರೆ ಅರಿಶಿನ ಕುಂಕುಮ, ಹಸಿರು ಬಳೆ, ಕುಬಸದ ಬಟ್ಟೆ ಇಟ್ಟು ಉಡಿ ತುಂಬುವುದು ಎಂದೇ ಮನಸ್ಸಿಗೆ ಬರುತ್ತದೆ. ಅಂಗನವಾಡಿಯ ಆಯ್ಕೆಯಲ್ಲಿ ವಿಧವೆಯರಿಗೂ ದಿಕ್ಕಿಲ್ಲದ ಮಹಿಳೆಯರಿಗೂ ಆದ್ಯತೆ ಇದ್ದುದರಿಂದ ಅಲ್ಲಿ ಗಂಡನನ್ನು ಕಳೆದುಕೊಂಡವರು ಅನೇಕರಿದ್ದಾರೆ. ಮಕ್ಕಳೆಲ್ಲ ನೋಡುತ್ತಿರುವಾಗ ಒಬ್ಬಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿ, ಪಕ್ಕದಲ್ಲಿಯೇ ನಿಂತ ಇನ್ನೊಬ್ಬಳಿಗೆ ಬರಿಯ ಬಾಳೆಹಣ್ಣು ಕೊಟ್ಟು ಕಳಿಸುವ ದೃಶ್ಯ ಆಕೆಗೆ ಹೇಗಿರಬೇಕು? ಪಂಚಸೂತಕಗಳನ್ನು ಒಪ್ಪದ ಪರಂಪರೆ ತಮ್ಮದೆಂದು ಹೇಳಿಕೊಳ್ಳುವ ಮನೆತನಗಳಲ್ಲಿ ಹೀಗಾಗುವುದು ಸಲ್ಲದು. ಉಡಿ ತುಂಬುವುದಾದರೆ ಎಲ್ಲರಿಗೂ ತುಂಬಿರಿ. ಅಷ್ಟು ಧೈರ್ಯ ಊರಿನಲ್ಲಿ ಇಲ್ಲವೆಂದರೆ ಯಾರಿಗೂ ಬೇಡ, ಎಲ್ಲರೂ ಒಂದೇ ಸಮನೆ ಕೈಯಲ್ಲಿ ಹಿಡಿಯುವ ವಸ್ತುವನ್ನೇ ಆರಿಸಿರಿ. ಕುಬಸದ ಬಟ್ಟೆಯ ಬಗ್ಗೆ ಬೇರೆಯೇ ಒಂದು ತಕರಾರು ನಮ್ಮದು. ಹೊಲಿಸುವ ಕೂಲಿ ಬಟ್ಟೆಗಿಂತ ಹೆಚ್ಚಾದ ಮೇಲೆ ಅದು ಟ್ರಂಕಿನಿಂದ ಟ್ರಂಕಿಗೆ ತಿರುಗುತ್ತಿದೆ. ಕೊಟ್ಟವರ ಮನೆಗೇ ಮೂರು ವರ್ಷದ ನಂತರ ಮರಳಿ ಬಂದರೂ ಆಶ್ಚರ್ಯವಿಲ್ಲ.

ದೀಪಾವಳಿ ಕಳೆದೊಡನೆ ಚಳಿ ಹತ್ತುತ್ತದೆ, ಆದುದರಿಂದ ಒಂದು ಬೆಚ್ಚನೆಯ ಸೊಲ್ಲಾಪುರ ಚಾದರ ಯಾರ ಮನೆಯಲ್ಲಿಯೂ ಮೂಲೆಗೆ ಬೀಳುವುದಿಲ್ಲ. ತಾಂಡಾದಿಂದ, ಹೊಲದ ಹಾದಿಯಲ್ಲಿ ನಡೆದುಬರುವವರಿಗೆ ಒಳ್ಳೆಯ ಕೊಡೆ ಅಥವಾ ಬ್ಯಾಟರಿ, ಊಟ ಕಟ್ಟಿಕೊಂಡು ಬರುವ ಶಿಕ್ಷಕಿಯರಿಗೆ ಸ್ಟೀಲ್ ಡಬ್ಬಿ ಆಗಬಹುದು. ಅಂಗನವಾಡಿ ಕಾರ್ಯಕರ್ತೆಯರು 2021ರಿಂದ ಮಕ್ಕಳ ತೂಕ, ಎತ್ತರ, ಹಾಜರಿಗಳನ್ನು ‘ಪೋಷಣ್ ಟ್ರ್ಯಾಕರ್’ ಎಂಬ ಮೊಬೈಲ್ ವ್ಯವಸ್ಥೆಯಲ್ಲಿ ತುಂಬಬೇಕಾಗಿದೆ. ಅಂಥವರಿಗೆ ಒಂದು ತಿಂಗಳ ರೀಚಾರ್ಜ್ ಮಾಡಿಸಿಕೊಡುವುದು ನೋಡಲು ಉಡುಗೊರೆಯಂತೆ ಕಾಣದಿದ್ದರೂ ಅವರಿಗೆ ತಿಳಿಯುತ್ತದೆ. ಸಹಾಯಕಿಗೂ ಅಷ್ಟೇ ಮೊತ್ತದ್ದು ಮಾಡಿಸಿರಿ.

ಹಣ ಕೂಡದ ಊರುಗಳಲ್ಲಿ ಹೊಲವೇ ಕೈಹಿಡಿಯುತ್ತದೆ. ಕೂಡ್ಲಿಗಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಶೇಂಗಾ ಆಗತಾನೆ ಒಕ್ಕಿರುವ ಕಾಲ ಅದು. ಮನೆಗೊಂದು ಸೇರಿನಂತೆ ಹೊಸ ಶೇಂಗಾ ಕೂಡಿಸಿ, ಬೆಲ್ಲದ ಜೊತೆ ಕೊಟ್ಟರೆ ಅವರ ಮನೆಯ ಹಬ್ಬದ ಹೋಳಿಗೆಗೆ ಆಯಿತು. ಹುಣಿಸೆಯ ಹಣ್ಣು ಬಿಡಿಸುವುದು ಸಂಕ್ರಾಂತಿಯ ನಂತರ. ಬೀಜ ತೆಗೆದು ಉಂಡೆ ಕಟ್ಟಿ ಯುಗಾದಿಗೆ ಕೊಡಬಹುದು. ಹಡಗಲಿಯ ಮಲ್ಲಿಗೆಯನ್ನು ಬಯಸುವವರು ದೀಪಾವಳಿಗೆ ಹೋಗಬೇಡಿರಿ. ಚಳಿಗಾಲದಲ್ಲಿ ಮೊಗ್ಗು ಕಡಿಮೆ, ಬೆಲೆ ಕೈಗೆಟುಕದು. ಯುಗಾದಿ, ಬಸವ ಜಯಂತಿಯ ಹೊತ್ತಿಗೆ ಅದೇ ಮಲ್ಲಿಗೆ ಧಾರಾಳವಾಗಿ ಸಿಗುತ್ತದೆ, ಆಗ ಮೊಳಗಟ್ಟಲೆ ತನ್ನಿರಿ. ಮುಡಿಯುವವರು ಯಾರು, ಮುಡಿಯದವರು ಯಾರು ಎಂಬ ಲೆಕ್ಕ ನಿಮಗೆ ಬೇಡ.

ಕೆಲವು ಸದ್ಗೃಹಸ್ಥರು ಅಂಗನವಾಡಿಗೆ ಗೋಡೆ ಗಡಿಯಾರ, ಕುರ್ಚಿ, ಜಮಖಾನೆಗಳನ್ನು ತಮ್ಮ ಹೆಸರು ಬರೆಸಿ ಕೊಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಅದು ಕೇಂದ್ರಕ್ಕೆ ಕೊಟ್ಟದ್ದು, ಮಹಿಳೆಯರಿಗೆ ಕೊಟ್ಟದ್ದಲ್ಲ. ದಾನಿಯ ಹೆಸರಿನ ಗಡಿಯಾರದ ಕೆಳಗೆ ಅವರು ಇನ್ನೂ ಬರಿಗೈಯಲ್ಲಿಯೇ ಕುಳಿತಿರುತ್ತಾರೆ. ಹಳೆಯ ಸೀರೆ, ಉಟ್ಟು ಬಿಟ್ಟ ಬಟ್ಟೆಗಳನ್ನು ಹಬ್ಬದ ನೆಪದಲ್ಲಿ ಕೊಡುವುದಂತೂ ಬೇಡವೇ ಬೇಡ.

ನಗದು ಕೊಡಬಹುದೇ? ಖಾಸಗಿ ಶಿಶುವಿಹಾರದಲ್ಲಿ ಎಲ್ಲರೂ ಕೂಡಿ ಸಮನಾಗಿ ಲಕೋಟೆಯಲ್ಲಿಟ್ಟು ಕೊಟ್ಟರೆ ತಪ್ಪಿಲ್ಲ; ‘ಭಕ್ಷೀಸು’ ಎಂಬ ಮಾತನ್ನು ಮಾತ್ರ ಬಾಯಲ್ಲಿ ತರಬೇಡಿರಿ. ಅಂಗನವಾಡಿಯ ಸಂಗತಿ ಬೇರೆ. ಮೊಟ್ಟೆ, ಹಾಲಿನ ಪುಡಿ, ಮನೆಗೆ ಕೊಡುವ ಆಹಾರ ಇವೆಲ್ಲ ಅವರ ಕೈಯಿಂದ ಹಂಚಿಕೆಯಾಗುವುದರಿಂದ, ಒಂದು ಮನೆಯವರು ಒಳಗೊಳಗೇ ಕೊಟ್ಟ ನೂರು ರೂಪಾಯಿ ಊರಿನ ಕಣ್ಣಿಗೆ ಲಂಚವಾಗಿ ಕಾಣುತ್ತದೆ. ಪಾಪ, ಮಾತು ಬರುವುದು ಆ ಹೆಣ್ಣುಮಗಳ ಮೇಲೆ. ಆದುದರಿಂದ ಅಲ್ಲಿ ವಸ್ತುರೂಪದಲ್ಲಿ, ಎಲ್ಲರೂ ಕೂಡಿ, ತಾಯಂದಿರು ಸೇರಿದ ದಿನ ಹಗಲಿನಲ್ಲಿಯೇ ಕೊಡಬೇಕು.

ಅಮೆರಿಕದಲ್ಲಿ ನೆಲೆಸಿದ ನಮ್ಮ ಮಕ್ಕಳಿಗೂ ಡಿಸೆಂಬರ್ ಬಂತೆಂದರೆ ಇದೇ ಚಿಂತೆ. ಅಲ್ಲಿಯ ಡೇ ಕೇರ್‌ಗಳಲ್ಲಿ ಒಂದು ಕೋಣೆಯ ಮಕ್ಕಳಿಗೇ ಮೂರು ನಾಲ್ಕು ಜನ ಶಿಕ್ಷಕಿಯರು, ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು. ಅಲ್ಲಿಯೂ ಪೋಷಕರು ಕೂಡಿ ಹಣ ಸೇರಿಸಿ ಅಂಗಡಿಯ ಉಡುಗೊರೆ ಚೀಟಿಗಳನ್ನು ಕೊಡುವುದುಂಟು. ಜೊತೆಗೆ ಮಗುವಿನ ಕೈಬರಹದ ಒಂದು ಕಾಗದ. ಈ ಕಾಗದದ ರೂಢಿಯನ್ನು ನಾವೂ ತರಬಹುದು. ಬರೆಯಲು ಬಾರದ ಕೂಸಿನ ಅಂಗೈಗೆ ಬಣ್ಣ ಹಚ್ಚಿ ಒತ್ತಿಸಿ, ಕೆಳಗೆ ತಾಯಿ ಎರಡು ಸಾಲು ಬರೆದರಾಯಿತು: ಮಗು ಯಾವ ಹಾಡು ಕಲಿತು ಬಂತು, ಜ್ವರ ಬಂದ ದಿನ ಯಾರು ಮನೆಯವರೆಗೆ ಎತ್ತಿ ತಂದರು ಎಂದು. ತಾಯಿಗೆ ಅಕ್ಷರ ಬಾರದಿದ್ದರೆ ಶಾಲೆಗೆ ಹೋಗುವ ಅಕ್ಕನೋ ಅಣ್ಣನೋ ಬರೆದುಕೊಡಲಿ.

ಹೇಳಲು ಕಹಿಯಾದ ಒಂದು ಮಾತು ಉಳಿದಿದೆ. ಸಹಾಯಕಿಯ ಜಾತಿ ನೋಡಿ, ಊಟದ ಹೊತ್ತಿಗೆ ಸರಿಯಾಗಿ ಮಗುವನ್ನು ಮನೆಗೆ ಕರೆದುಕೊಂಡು ಹೋಗುವ ಮನೆಗಳು ಕೆಲವು ಊರುಗಳಲ್ಲಿ ಇಂದಿಗೂ ಇವೆ. ಆಕೆ ಬೇಯಿಸಿದ ಅನ್ನ ಬೇಡ, ಆಕೆಗೆ ಚಾದರ ಕೊಡುತ್ತೇವೆ ಎಂದರೆ ಆ ಚಾದರವನ್ನು ಆಕೆ ಯಾವ ಮುಖದಿಂದ ತೆಗೆದುಕೊಳ್ಳಬೇಕು? ಅಂಥ ಮನೆಯವರು ಡಬ್ಬಿಗೆ ಹಣ ಹಾಕುವುದು ಬೇಡ. ಮಗುವನ್ನು ಊಟದ ಸಾಲಿನಲ್ಲಿ ಕುಳ್ಳಿರಿಸಿ ಬರಲಿ. ಒಂದು ದಿನ ತಾವೂ ಹೋಗಿ ಅದೇ ಸಾಲಿನಲ್ಲಿ ಒಂದು ತುತ್ತು ಉಣ್ಣಲಿ. ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಕೊಡುವ ದಿನವನ್ನು ಅಮಾವಾಸ್ಯೆಗೆ ಎರಡು ಮೂರು ದಿನ ಮುಂಚೆಯೇ ಇಟ್ಟುಕೊಳ್ಳಿರಿ. ರಜೆಯ ಹಿಂದಿನ ಗಡಿಬಿಡಿಯಲ್ಲಿ ಅರ್ಧದಷ್ಟು ಮಕ್ಕಳೂ ಬಂದಿರುವುದಿಲ್ಲ. ಹೆರಿಗೆಯ ರಜೆಯಲ್ಲಿರುವವರ, ಅದೇ ವರ್ಷ ನಿವೃತ್ತರಾದವರ ಹೆಸರುಗಳನ್ನು ಪಟ್ಟಿಯಲ್ಲಿ ಬಿಡಬೇಡಿರಿ. ಕೂಸಿನ ಮನೆಯಲ್ಲಿ ಈ ತಿಂಗಳು ಸರದಿ ಇಲ್ಲದವರ ಪಾಲನ್ನು ಪಂಚಾಯತಿಯಲ್ಲಿ ಇಟ್ಟು ಬರುವುದಕ್ಕಿಂತ ಅವರ ಮನೆಗೇ ಮುಟ್ಟಿಸುವುದು ಲೇಸು. ಹಗಲಿನಲ್ಲಿ ಅವರು ಯಾರದೋ ಹೊಲದಲ್ಲಿ ಮೆಕ್ಕೆಜೋಳದ ತೆನೆ ಮುರಿಯುತ್ತಿರುವ ಸಂಭವವೇ ಹೆಚ್ಚು. ಹೊತ್ತು ಮುಳುಗಿದ ಮೇಲೆ ಹೋಗಿರಿ.